ನಾಯಿಮರಿಯ ಮಾರಾಟ ಮುರಿದಾಗ: ಮುಂಗಡ ಹಣದ ವ್ಯಾಜ್ಯಗಳು

ಪುಣೆ ನಗರಕ್ಕೂ ಸಾಕುನಾಯಿಗೂ ಇರುವ ನಂಟು ಹಳೆಯದು. ಸೇನೆಯ ದಕ್ಷಿಣ ಕಮಾಂಡಿನ ಪ್ರಧಾನ ಕಚೇರಿ, ಕ್ಯಾಂಪ್ ಹಾಗೂ ಖಡ್ಕಿಯ ದಂಡು ಪ್ರದೇಶಗಳು, ಅಂಗಳವಿರುವ ಹಳೆಯ ಬಂಗಲೆಗಳು, ಇವುಗಳ ಪರಿಸರದಲ್ಲಿ ಉತ್ತಮ ತಳಿಯ ನಾಯಿಗಳನ್ನು ಸಾಕುವ ಹವ್ಯಾಸ ಬಹುಕಾಲದಿಂದ ಬೆಳೆದುಬಂದಿದೆ. ಒಂದು ತಲೆಮಾರಿನ ಹಿಂದೆ ಮರಿಯೊಂದು ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗುತ್ತಿದ್ದುದು ಹೆಚ್ಚಾಗಿ ಪರಿಚಯ ಮತ್ತು ವಿಶ್ವಾಸದ ಮೇಲೆ. ಕೊತ್ರೂಡ್, ಹಡಪ್ಸರ್, ಹಿಂಜವಡಿ, ಪಿಂಪ್ರಿ-ಚಿಂಚವಡಗಳಲ್ಲಿ ಬಹುಮಹಡಿ ವಸತಿಗಳು ತಲೆಯೆತ್ತಿ, ದೂರದ ಊರುಗಳಿಂದ ಬಂದ ಕುಟುಂಬಗಳು ಅಲ್ಲಿ ನೆಲೆಸಿದ ಮೇಲೆ ಮರಿಗಳ ಬೇಡಿಕೆ ಹೆಚ್ಚಿತು. ಪರಿಚಯದ ಸ್ಥಾನದಲ್ಲಿ ವ್ಯಾಪಾರ ಬಂದಿತು. ವ್ಯಾಪಾರದೊಡನೆ ಮುಂಗಡ ಹಣವೂ ಬಂದಿತು, ಮುಂಗಡದ ಹಿಂದೆಯೇ ವ್ಯಾಜ್ಯವೂ ಬಂದಿತು.

ಈ ವ್ಯಾಜ್ಯಗಳ ಸ್ವರೂಪ ಸಾಮಾನ್ಯವಾಗಿ ಒಂದೇ ಬಗೆಯದು. ಕುಟುಂಬವೊಂದು ತಳಿ ಸಾಕಣೆದಾರನನ್ನು ಸಂಪರ್ಕಿಸುತ್ತದೆ. ತಾಯಿನಾಯಿ ಗಬ್ಬವಾಗಿದೆ, ಇಲ್ಲವೇ ಮರಿಗಳು ಹುಟ್ಟಿ ಕೆಲವೇ ದಿನಗಳಾಗಿವೆ. ಮೂವತ್ತು ಸಾವಿರ ರೂಪಾಯಿಗೆ ಮಾತು ಮುಗಿದು, ಹತ್ತು ಸಾವಿರ ಮುಂಗಡ ಸಂದಾಯವಾಯಿತೆಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಹಣ ಕೊಟ್ಟ ದಿನಕ್ಕೂ ಮರಿ ಕೈಸೇರುವ ದಿನಕ್ಕೂ ನಡುವೆ ಏಳೆಂಟು ವಾರಗಳು, ಕೆಲವೊಮ್ಮೆ ನಾಲ್ಕು ತಿಂಗಳು ಕಳೆಯುತ್ತವೆ. ಆ ಅವಧಿಯಲ್ಲಿ ಏನಾದರೂ ಒಂದು ಸಂಭವಿಸುತ್ತದೆ. ಮನೆಯ ಮಾಲೀಕ ನಾಯಿ ಬೇಡವೆನ್ನುತ್ತಾನೆ; ಕೊಳ್ಳುವವನಿಗೆ ಬೇರೆ ಊರಿಗೆ ವರ್ಗವಾಗುತ್ತದೆ; ಹೆಚ್ಚು ಬೆಲೆ ಕೊಡುವ ಮತ್ತೊಬ್ಬ ಗಿರಾಕಿ ಸಾಕಣೆದಾರನಿಗೆ ದೊರೆಯುತ್ತಾನೆ; ಮರಿಗೆ ರೋಗ ತಗಲುತ್ತದೆ. ಮಾರಾಟ ಮುರಿಯುತ್ತದೆ. ಮುಂಗಡ ಯಾರಿಗೆ ಸೇರಬೇಕೆಂಬ ಪ್ರಶ್ನೆ ಉಳಿಯುತ್ತದೆ. ಮೊತ್ತವು ವಕೀಲರ ಬಳಿಗೆ ಹೋಗುವಷ್ಟು ದೊಡ್ಡದಲ್ಲ, ಮರೆತುಬಿಡುವಷ್ಟು ಚಿಕ್ಕದೂ ಅಲ್ಲ. ಮಕ್ಕಳು ಆಗಲೇ ಮರಿಗೆ ಹೆಸರಿಟ್ಟಿರುತ್ತಾರೆಂಬ ಸಂಗತಿ ಯಾವ ರಸೀದಿಯಲ್ಲಿಯೂ ಬರೆದಿರುವುದಿಲ್ಲವಾದರೂ ಜಗಳದ ಕಾವನ್ನು ಹೆಚ್ಚಿಸುವುದು ಬಹುಮಟ್ಟಿಗೆ ಅದೇ.

ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರ ಎಂಬ ಹಳೆಯ ಮಾತುಂಟು. ಮರಾಠಿಯಲ್ಲಿಯೂ ಆ ಪದವಿದೆ. ಅದರ ಜೊತೆಗೆ ಇಸಾರ, ವಿಸಾರ ಎಂಬ ಮಾತುಗಳೂ ಬಳಕೆಯಲ್ಲಿವೆ. ಜಮೀನಿನ ವ್ಯವಹಾರದಲ್ಲಿ ಬರೆದುಕೊಡುವ ಇಸಾರ ಪಾವತಿ ಮಹಾರಾಷ್ಟ್ರದ ಹಳ್ಳಿಹಳ್ಳಿಗೂ ಪರಿಚಿತ. ಕನ್ನಡದ ಆಡುಮಾತಿನಲ್ಲಿ ಸಂಚಕಾರವೆಂದರೆ ಕುತ್ತು ಎಂಬ ಅರ್ಥವೂ ಬೆಳೆದಿರುವುದು ಸ್ವಾರಸ್ಯಕರವಾದದ್ದು. ಮುಂಗಡ ಕೊಟ್ಟು ಕಳೆದುಕೊಂಡವರ ಅನುಭವ ಭಾಷೆಗೂ ತಟ್ಟಿರಬಹುದು. ಕಾನೂನಿನ ದೃಷ್ಟಿಯಲ್ಲಿ ಸಂಚಕಾರವೂ ಬೆಲೆಯ ಭಾಗವಾಗಿ ಕೊಟ್ಟ ಸಾಮಾನ್ಯ ಮುಂಗಡವೂ ಒಂದೇ ಅಲ್ಲ. ಕರಾರನ್ನು ನೆರವೇರಿಸುವೆನೆಂಬ ಭರವಸೆಯ ಗುರುತಾಗಿ ಕೊಟ್ಟ ಹಣ ಸಂಚಕಾರ. ಕೊಟ್ಟವನು ತಾನಾಗಿಯೇ ಹಿಂದೆ ಸರಿದರೆ ಅದು ಮುಟ್ಟುಗೋಲಾಗಬಹುದು; ವ್ಯವಹಾರ ಮುಗಿದರೆ ಬೆಲೆಯಲ್ಲಿ ವಜಾ ಆಗುತ್ತದೆ. ಬೆಲೆಯ ಒಂದು ಭಾಗವನ್ನು ಮೊದಲೇ ಕೊಟ್ಟಿದ್ದರೆ ಅದು ಕೇವಲ ಮುಂಗಡ. ಮಾರಾಟ ನಡೆಯದಿದ್ದಾಗ, ಮಾರುವವನಿಗೆ ಆದ ನಷ್ಟವನ್ನು ಕಳೆದು, ಅದು ಮರಳಬೇಕಾದ ಹಣ. ರಸೀದಿಯಲ್ಲಿ ಯಾವ ಪದವನ್ನು ಬರೆದಿದೆ ಎಂಬುದೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಉಭಯಪಕ್ಷಗಳ ಉದ್ದೇಶವನ್ನೂ ಕರಾರಿನ ಒಟ್ಟು ಸ್ವರೂಪವನ್ನೂ ನ್ಯಾಯಾಲಯ ನೋಡುತ್ತದೆ.

ಈ ಭೇದವನ್ನು ವಿಶದಪಡಿಸಿದ ತೀರ್ಪುಗಳು ನಾಯಿಮರಿಗಳ ವಿಷಯದಲ್ಲಿ ಹುಟ್ಟಿದವಲ್ಲ. 1947ರಲ್ಲಿ ಮೌಲಾ ಬಕ್ಷ್ ಎಂಬ ಗುತ್ತಿಗೆದಾರರು ಉತ್ತರ ಪ್ರದೇಶದ ಸೇನಾ ಕೇಂದ್ರಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ ಮತ್ತು ಮೀನುಗಳನ್ನು ಪೂರೈಸಲು ಎರಡು ಕರಾರುಗಳನ್ನು ಮಾಡಿಕೊಂಡು, ಒಂದಕ್ಕೆ 10,000 ರೂಪಾಯಿಗಳನ್ನೂ ಇನ್ನೊಂದಕ್ಕೆ 8,500 ರೂಪಾಯಿಗಳನ್ನೂ ಭದ್ರತಾ ಠೇವಣಿಯಾಗಿ ಇರಿಸಿದ್ದರು. ಪೂರೈಕೆ ಸರಿಯಾಗಿ ನಡೆಯಲಿಲ್ಲವೆಂದು ಸರಕಾರ ಕರಾರುಗಳನ್ನು ರದ್ದುಗೊಳಿಸಿ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಣವನ್ನು ಮರಳಿಸಬೇಕೆಂದು ತೀರ್ಪಿತ್ತಿತು. ಕೊಳ್ಳುವ ಸರಕಿಗೆ ಮಾರುಕಟ್ಟೆಯ ದರವಿದ್ದು, ನಷ್ಟವನ್ನು ಲೆಕ್ಕಹಾಕಲು ಸಾಧ್ಯವಿರುವಾಗ, ನಷ್ಟವನ್ನು ತೋರಿಸದೆ ಠೇವಣಿಯನ್ನು ಇಟ್ಟುಕೊಳ್ಳುವಂತಿಲ್ಲವೆಂಬುದು ಅದರ ತಾತ್ಪರ್ಯ. ಅದೇ ವರ್ಷ ಶ್ರೀ ಹನುಮಾನ್ ಕಾಟನ್ ಮಿಲ್ಸ್ ಮತ್ತು ಟಾಟಾ ಏರ್‌ಕ್ರಾಫ್ಟ್ ಸಂಸ್ಥೆಗಳ ನಡುವಣ ಮೊಕದ್ದಮೆಯಲ್ಲಿ, ವಿಮಾನದ ಗುಜರಿ ಸಾಮಗ್ರಿಗಾಗಿ ಶೇಕಡಾ 25ರಷ್ಟು ಸಂಚಕಾರ ಕೊಟ್ಟು ಆಮೇಲೆ ಬಾಕಿ ಹಣವನ್ನು ಕೊಡದ ಖರೀದಿದಾರರು ತಮ್ಮ ಹಣವನ್ನು ಕಳೆದುಕೊಂಡರು. ಎರಡು ತೀರ್ಪುಗಳೂ ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಒಂದರಲ್ಲಿದ್ದುದು ಭದ್ರತಾ ಠೇವಣಿ, ಇನ್ನೊಂದರಲ್ಲಿದ್ದುದು ಸ್ಪಷ್ಟವಾಗಿ ಸಂಚಕಾರ.

2015ರ ಜನವರಿಯಲ್ಲಿ ಬಂದ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಮೊಕದ್ದಮೆಯ ತೀರ್ಪು ಈ ವಿಷಯದಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ನಿವೇಶನದ ಹರಾಜಿನಲ್ಲಿ ಬಂದ 78 ಲಕ್ಷ ರೂಪಾಯಿಗಳ ಸಂಚಕಾರವನ್ನು ಮುಟ್ಟುಗೋಲು ಹಾಕಿಕೊಂಡು, ಆಮೇಲೆ ಅದೇ ನಿವೇಶನವನ್ನು ಹಲವು ಪಟ್ಟು ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗದಿರುವಾಗ ಪರಿಹಾರದ ಪ್ರಶ್ನೆ ಏಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ಹಣವನ್ನು ಹಿಂದಿರುಗಿಸುವಂತೆ ಆಜ್ಞೆ ಮಾಡಿತು. ಇವೆಲ್ಲಕ್ಕೂ ಆಧಾರ 1872ರ ಭಾರತೀಯ ಕರಾರು ಕಾಯಿದೆಯ 73 ಮತ್ತು 74ನೆಯ ಕಲಂಗಳು. ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ, ದೊರೆಯುವುದು ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರ ಮಾತ್ರ.

ಪುಣೆಯ ನಾಯಿಮರಿಗೆ ಇದನ್ನು ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕೊಳ್ಳುವವನು ಹಿಂದೆ ಸರಿದ ಮರುವಾರವೇ ಅದೇ ಮರಿ ಅದೇ ಬೆಲೆಗೆ ಬೇರೊಬ್ಬರ ಪಾಲಾದರೆ, ಸಾಕಣೆದಾರನಿಗೆ ಆದ ನಷ್ಟವೆಂದರೆ ಆ ಒಂದು ವಾರದ ಆಹಾರ ಮತ್ತು ಆರೈಕೆಯ ಖರ್ಚು. ಹತ್ತು ಸಾವಿರವನ್ನೂ ಇಟ್ಟುಕೊಳ್ಳುವುದನ್ನು ಸಮರ್ಥಿಸುವುದು ಕಷ್ಟ. ಆದರೆ ಮರಿಯ ಮಾರುಕಟ್ಟೆಗೆ ಒಂದು ವೈಶಿಷ್ಟ್ಯವಿದೆ. ಎರಡು ತಿಂಗಳ ಮರಿಗೆ ಇರುವ ಬೇಡಿಕೆ ಐದು ತಿಂಗಳ ಮರಿಗೆ ಇರುವುದಿಲ್ಲ. ದಿನಗಳು ಉರುಳಿದಂತೆ ಬೆಲೆ ಇಳಿಯುತ್ತದೆ, ಲಸಿಕೆ ಮತ್ತು ಆಹಾರದ ವೆಚ್ಚ ಏರುತ್ತದೆ. ಕೊಳ್ಳುವವನು ಮರಿಯನ್ನು ಒಯ್ಯುವ ದಿನವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ ಬೇಡವೆಂದರೆ, ಸಾಕಣೆದಾರನ ನಷ್ಟ ನಿಜವಾದದ್ದೇ. ಗ್ರಾಹಕರ ಪರವಾಗಿ ಮಾತನಾಡುವವರು ಈ ಅಂಶವನ್ನು ಕಡೆಗಣಿಸಬಾರದು.

ಮಾರಾಟವಾಗುತ್ತಿರುವುದು ಯಾವುದು ಎಂಬ ಪ್ರಶ್ನೆಯೂ ಸರಳವಲ್ಲ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಚರ ಸ್ವತ್ತೆಲ್ಲವೂ ಸರಕು. ಪ್ರಾಣಿಯೂ ಅದರಲ್ಲಿ ಸೇರುತ್ತದೆ. ಆದರೆ ಇನ್ನೂ ಹುಟ್ಟದ ಮರಿಯ ಮಾರಾಟವು ಮಾರಾಟವಲ್ಲ, ಮುಂದೆ ಮಾರುವ ಒಪ್ಪಂದ ಮಾತ್ರ. ಸಂಭವಿಸಬಹುದಾದ ಅಥವಾ ಸಂಭವಿಸದೆಯೂ ಇರಬಹುದಾದ ಘಟನೆಯನ್ನು ಅವಲಂಬಿಸಿದ ಇಂಥ ಒಪ್ಪಂದಗಳಿಗೆ ಆ ಕಾಯಿದೆಯ 6ನೆಯ ಕಲಂ ಅವಕಾಶ ಕೊಡುತ್ತದೆ. ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಎಷ್ಟು ಮರಿಗಳು ಹುಟ್ಟುತ್ತವೆ, ಹೆಣ್ಣೆಷ್ಟು ಗಂಡೆಷ್ಟು, ಬಣ್ಣ ಯಾವುದು, ಬದುಕುಳಿಯುವವು ಎಷ್ಟು ಎಂಬುದನ್ನು ಯಾರೂ ಮೊದಲೇ ಹೇಳಲಾರರು. ಆರು ಜನರಿಂದ ಮುಂಗಡ ಪಡೆದಿದ್ದು ನಾಲ್ಕೇ ಮರಿಗಳು ಹುಟ್ಟಿದರೆ ಇಬ್ಬರಿಗೆ ಮರಿಯಿಲ್ಲ. ಅಂಥ ಸಂದರ್ಭದಲ್ಲಿ ಹಣ ಮರಳಬೇಕು. ಮುಂದಿನ ಸೂಲಿನ ಮರಿಗಾಗಿ ಕಾಯಬೇಕೆಂದು ಸಾಕಣೆದಾರನು ಒತ್ತಾಯಿಸಬೇಕಾದರೆ ಹಾಗೆಂದು ಮೊದಲೇ ಒಪ್ಪಂದವಾಗಿರಬೇಕು. ಕಪ್ಪು ಬಣ್ಣದ ಹೆಣ್ಣುಮರಿಯೇ ಬೇಕೆಂದು ಹೇಳಿ ಮುಂಗಡ ಕೊಟ್ಟವರಿಗೆ ಕಂದು ಬಣ್ಣದ ಗಂಡುಮರಿಯನ್ನು ಒಪ್ಪಿಸಹೊರಟರೆ, ವಿವರಣೆಗೆ ಹೊಂದದ ಸರಕನ್ನು ನಿರಾಕರಿಸುವ ಹಕ್ಕು ಅವರಿಗಿದೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ಸಾಬೀತುಪಡಿಸುವುದು ಮಾತ್ರ ದುಸ್ತರ.

ಮರಿಯು ಗೊತ್ತುಪಡಿಸಲ್ಪಡುವ ತನಕ ಅದರ ಸ್ವಾಮ್ಯ ಕೊಳ್ಳುವವನಿಗೆ ವರ್ಗವಾಗುವುದಿಲ್ಲ. ಎಂಟು ಮರಿಗಳಲ್ಲಿ ಇದೇ ನಿಮ್ಮದೆಂದು ಬೇರ್ಪಡಿಸಿ, ಕೊರಳಿಗೆ ದಾರ ಕಟ್ಟಿ ಉಭಯತರೂ ಒಪ್ಪಿದಾಗ ಸ್ಥಿತಿ ಬದಲಾಗತೊಡಗುತ್ತದೆ. ಇದು ಕೇವಲ ತರ್ಕದ ಮಾತಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ, ಸ್ವಾಮ್ಯ ಯಾರದೋ ನಷ್ಟದ ಹೊಣೆಯೂ ಅವರದೇ ಎಂಬುದು 26ನೆಯ ಕಲಮಿನ ನಿಯಮ. ಆರನೆಯ ವಾರದಲ್ಲಿ ಮರಿಯು ಪಾರ್ವೊ ರೋಗದಿಂದ ಸತ್ತರೆ ಆ ನಷ್ಟ ಯಾರದು ಎಂಬುದು ಇದನ್ನೇ ಅವಲಂಬಿಸುತ್ತದೆ. ಎಂಟು ವಾರ ತುಂಬಿ ಕೈಗೊಪ್ಪಿಸುವವರೆಗೆ ಹೊಣೆ ಸಾಕಣೆದಾರನದೇ ಎಂದು ಒಂದು ಸಾಲು ಬರೆಸಿಕೊಂಡಿದ್ದರೆ ಈ ಚರ್ಚೆಗೇ ಎಡೆಯಿರುವುದಿಲ್ಲ.

ಎಂಟು ವಾರಗಳ ಈ ಗಡುವು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರಕಾರವು 2017ರ ಮೇ 23ರಂದು ನಾಯಿ ತಳಿ ಸಾಕಣೆ ಹಾಗೂ ಮಾರಾಟದ ನಿಯಮಗಳನ್ನು ಹೊರಡಿಸಿತು. ತಳಿ ಸಾಕಣೆದಾರನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಮಾರುವ ಮುನ್ನ ಲಸಿಕೆ ಹಾಕಿಸಿರಬೇಕು, ಗುರುತಿನ ಮೈಕ್ರೊಚಿಪ್ ಅಳವಡಿಸಿರಬೇಕು. ಮರಿಗೆ ಕೊಡುತ್ತಿದ್ದ ಆಹಾರ, ಲಸಿಕೆ ಹಾಗೂ ಜಂತುನಾಶಕ ಔಷಧಿ ಕೊಟ್ಟ ದಿನಾಂಕಗಳು, ನೋಡಿಕೊಂಡ ಪಶುವೈದ್ಯರ ಹೆಸರು ಮತ್ತು ವಿಳಾಸ, ಇವನ್ನು ಕೊಳ್ಳುವವನಿಗೆ ಲಿಖಿತವಾಗಿ ಒದಗಿಸಬೇಕು. ತಾಯಿನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಅದನ್ನು ಮರಿ ಹಾಕಿಸಲು ಬಳಸುವಂತಿಲ್ಲ. ಅದರ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲುಗಳು ಸಲ್ಲವು. ಆರು ತಿಂಗಳು ಮೀರಿದ ನಾಯಿಯನ್ನು ಸಂತಾನಹರಣ ಚಿಕಿತ್ಸೆ ಮಾಡಿಸದೆ, ನೋಂದಾಯಿತ ಸಾಕಣೆದಾರರ ಹೊರತು ಇತರರಿಗೆ ಮಾರುವಂತಿಲ್ಲ. ಮಾರಾಟ ಮುರಿದ ಮೇಲೆ ಸಾಕಣೆದಾರನ ಮೇಲೆ ಬೀಳುವ ಕಾಲದ ಒತ್ತಡಕ್ಕೆ ಈ ಕೊನೆಯ ನಿಯಮವೂ ಒಂದು ಕಾರಣ.

ನಿಯಮಗಳ ಪಾಲನೆ ಎಲ್ಲೆಡೆಯೂ ಸಮಾನವಾಗಿಲ್ಲವೆಂಬುದನ್ನು ಒಪ್ಪಬೇಕು. ಆದರೆ ವ್ಯಾಜ್ಯ ಬಂದಾಗ ಅವು ಗ್ರಾಹಕನಿಗೆ ಬಲವಾದ ಆಧಾರವಾಗುತ್ತವೆ. ಐದನೆಯ ವಾರದಲ್ಲಿಯೇ ಮರಿಯನ್ನು ಒಯ್ಯಿರಿ, ಇಲ್ಲವಾದರೆ ಮುಂಗಡ ಹೋಯಿತು ಎಂದು ಒತ್ತಾಯಿಸುವ ಸಾಕಣೆದಾರನಿಗೆ ಕಾನೂನಿನ ಬೆಂಬಲವಿರಲಾರದು. ನಿಯಮ ನಿಷೇಧಿಸಿದ ಕೆಲಸಕ್ಕೆ ಒಪ್ಪದಿರುವುದು ಕರಾರಿನ ಉಲ್ಲಂಘನೆಯಾಗದು. ಎಂಟು ವಾರಗಳ ನಿಯಮದ ಹಿಂದೆ ಪ್ರಾಣಿವಿಜ್ಞಾನದ ಕಾರಣವೂ ಉಂಟು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ತನ್ನ ಒಡಹುಟ್ಟುಗಳಿಂದಲೂ ತಾಯಿಯಿಂದಲೂ ಮನುಷ್ಯರಿಂದಲೂ ಬದುಕಿನ ನಡವಳಿಕೆಯನ್ನು ಕಲಿಯುತ್ತದೆ. ಬಹು ಬೇಗ ಬೇರ್ಪಟ್ಟ ಮರಿ ಅಂಜುಬುರುಕವೋ ಕಚ್ಚುವಂಥದೋ ಆಗಬಹುದು. ಗೂಡಿನಲ್ಲಿಯೇ ಬಹುಕಾಲ ಉಳಿದ ಮರಿಗೂ ಅದೇ ಗತಿ. ಮಾರಾಟದ ಜಗಳ ಎಳೆದಷ್ಟೂ ಹಾಳಾಗುವುದು ಈ ಅವಧಿಯೇ.

ಮಾರುವವನೇ ಮಾತು ಮುರಿಯುವ ಪ್ರಸಂಗಗಳೂ ಕಡಿಮೆಯಲ್ಲ. ಹೆಚ್ಚಿನ ಬೆಲೆಗೆ ಮತ್ತೊಬ್ಬರಿಗೆ ಮರಿಯನ್ನು ಕೊಟ್ಟು, ಮೊದಲಿನವರಿಗೆ ಮುಂಗಡವನ್ನಷ್ಟೇ ಮರಳಿಸಿ ಕೈತೊಳೆದುಕೊಂಡರೆ ಹೊಣೆ ತೀರುವುದಿಲ್ಲ. ಸರಕನ್ನು ಒಪ್ಪಿಸದಿದ್ದರೆ ಪರಿಹಾರ ಕೊಡಬೇಕೆಂದು ಸರಕು ಮಾರಾಟ ಕಾಯಿದೆಯ 57ನೆಯ ಕಲಂ ಹೇಳುತ್ತದೆ. ಮಾತಾದ ಬೆಲೆ ಮೂವತ್ತು ಸಾವಿರವಿದ್ದು, ಅದೇ ಬಗೆಯ ಮರಿಗೆ ಪೇಟೆಯಲ್ಲಿ ನಲವತ್ತು ಸಾವಿರವಿದ್ದರೆ, ಆ ಹತ್ತು ಸಾವಿರದ ಅಂತರವನ್ನು ಕೇಳಬಹುದು. ಆದರೆ ಆ ಮರಿಯೇ ಬೇಕೆಂದು ಹಟ ಹಿಡಿಯುವುದರಿಂದ ಫಲ ಸಿಗುವುದು ಅಪರೂಪ. ಹಿಂದಿನ ವ್ಯವಹಾರ ತಿಳಿಯದೆ ಪ್ರಾಮಾಣಿಕವಾಗಿ ಕೊಂಡ ಎರಡನೆಯ ಗಿರಾಕಿಗೂ ಕಾನೂನು ರಕ್ಷಣೆ ಕೊಡುತ್ತದೆ. ಮಕ್ಕಳು ಹೆಸರಿಟ್ಟ ಮರಿ ಬೇರೆ ಮನೆಯಲ್ಲಿ ಬೆಳೆಯುತ್ತಿರುತ್ತದೆ.

ಬೇರೊಂದು ಬಗೆಯ ನಿರಾಕರಣೆಯೂ ಉಂಟು. ಕೊಳ್ಳುವ ಮನೆಯವರು ದಿನವಿಡೀ ಹೊರಗಿರುತ್ತಾರೆ, ಇಲ್ಲವೇ ಮರಿಯನ್ನು ತಾರಸಿಯ ಮೇಲೆ ಕಟ್ಟಿಹಾಕುವರೆಂದು ತಿಳಿದ ಸಾಕಣೆದಾರನು ಕೊಡಲೊಲ್ಲೆನೆನ್ನುತ್ತಾನೆ. ಕರಾರಿನ ದೃಷ್ಟಿಯಿಂದ ಇದೂ ಮಾತು ಮುರಿದಂತೆಯೇ. ಮುಂಗಡವನ್ನು ಪೂರ್ತಿಯಾಗಿ, ತಡವಿಲ್ಲದೆ ಮರಳಿಸಲೇಬೇಕು. ಆದರೂ ಇಂಥವನನ್ನು ದುರಾಸೆಯಿಂದ ಮಾತು ಮುರಿದವನೊಡನೆ ಸಮನಾಗಿ ಕಾಣುವುದು ನ್ಯಾಯವಾಗದು.

ಯಾರ ತಪ್ಪೂ ಇಲ್ಲದೆ ಮಾರಾಟ ಮುರಿಯುವುದೂ ಸಾಧ್ಯ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆಯು ಉಗ್ರವೆಂದು ಪರಿಗಣಿಸಿದ 23 ತಳಿಗಳ ಮಾರಾಟ ಹಾಗೂ ಸಾಕಣೆಗೆ ಪರವಾನಗಿ ಕೊಡಕೂಡದೆಂದು ರಾಜ್ಯಗಳಿಗೆ ಪತ್ರ ಬರೆಯಿತು. ರಾಟ್‌ವೈಲರ್, ಪಿಟ್‌ಬುಲ್ ಮುಂತಾದವು ಆ ಪಟ್ಟಿಯಲ್ಲಿದ್ದವು. ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಗೊಳಿಸಿತು. ನಡುವಣ ಆ ನಾಲ್ಕು ವಾರಗಳಲ್ಲಿ ಇಂಥ ತಳಿಯ ಮರಿಗೆ ಮುಂಗಡ ಕೊಟ್ಟವರ ಮತ್ತು ಪಡೆದವರ ಸ್ಥಿತಿ ತ್ರಿಶಂಕುವಿನದಾಗಿತ್ತು. ಕಾನೂನಿನ ಬದಲಾವಣೆಯಿಂದ ಕರಾರು ನೆರವೇರಿಸಲು ಅಸಾಧ್ಯವಾದಾಗ ಅದು ಶೂನ್ಯವಾಗುತ್ತದೆ. ಪಡೆದ ಹಣವನ್ನು ಪಡೆದವನು ಮರಳಿಸಬೇಕೆಂದು ಕರಾರು ಕಾಯಿದೆಯ 65ನೆಯ ಕಲಂ ವಿಧಿಸುತ್ತದೆ.

ತಳಿಯ ಹೆಸರಿನಿಂದಲೂ ಗೊಂದಲ ಹುಟ್ಟುವುದುಂಟು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ಮಹಾರಾಷ್ಟ್ರದಲ್ಲಿ ಕಾರವಾನ್ ಎಂದು ಕರೆಯುತ್ತಾರೆ. ಭಾರತೀಯ ಕೆನಲ್ ಕ್ಲಬ್ ಅದನ್ನು ಕಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ನೋಂದಾಯಿಸುತ್ತದೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ಅಂಚೆಚೀಟಿಯ ಮೇಲಿರುವುದು ಮುಧೋಳ ಹೌಂಡ್ ಎಂಬ ಹೆಸರು. ಮುಧೋಳದ ಮರಿಯೆಂದು ಮಾತನಾಡಿ ಕೊಂಡ ಕನ್ನಡಿಗ ಕುಟುಂಬವೊಂದು ಕಾಗದದಲ್ಲಿ ಬೇರೆ ಹೆಸರನ್ನು ಕಂಡು ಮೋಸಹೋದೆವೆಂದು ಭಾವಿಸಿದರೆ ಆಶ್ಚರ್ಯವಿಲ್ಲ, ಅಲ್ಲಿ ಮೋಸವಿರಬೇಕೆಂದಿಲ್ಲ. ಇದಕ್ಕಿಂತ ಗಂಭೀರವಾದದ್ದು ವಂಶಾವಳಿಯ ಪತ್ರ ಆಮೇಲೆ ಬರುತ್ತದೆಂದು ಹೇಳಿ ಕಡೆಗೂ ಕೊಡದಿರುವುದು. ಪತ್ರವಿರುವ ಮರಿಗೂ ಇಲ್ಲದ ಮರಿಗೂ ಬೆಲೆಯಲ್ಲಿ ಬಹಳ ವ್ಯತ್ಯಾಸವಿರುವುದರಿಂದ, ಅದು ಮಾರಾಟದ ಮುಖ್ಯ ಷರತ್ತೆಂದು ರಸೀದಿಯಲ್ಲಿಯೇ ನಮೂದಾಗಿರಬೇಕು.

ಮರಿಯ ದೋಷವನ್ನು ಮರೆಮಾಚಿದ್ದು ತಿಳಿದು ಕೊಳ್ಳುವವನು ಹಿಂದೆ ಸರಿದಾಗ, ಮಾತು ಮುರಿದವರು ಯಾರು? ಕರಾರು ಕಾಯಿದೆಯನ್ನು ರಚಿಸಿದವರು ಈ ಸಂದರ್ಭಕ್ಕೆ ಆರಿಸಿಕೊಂಡ ಉದಾಹರಣೆ ಕುದುರೆಯದು. ಕುದುರೆಗೆ ದೋಷವಿರುವುದನ್ನು ಬಲ್ಲ ಮಾರಾಟಗಾರನು ಹರಾಜಿನಲ್ಲಿ ಸುಮ್ಮನಿದ್ದರೆ ಅಷ್ಟರಿಂದಲೇ ವಂಚನೆಯಾಗುವುದಿಲ್ಲ. ಆದರೆ ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಮೌನವಾಗಿದ್ದರೆ, ಆ ಮೌನ ಮಾತಿಗೆ ಸಮಾನ. ಪುಣೆಯ ಗ್ರಾಹಕನಿಗೆ ಇದರಲ್ಲಿ ಉಪಯುಕ್ತ ಪಾಠವಿದೆ. ತಾಯಿಗೆ ಅಥವಾ ತಂದೆಗೆ ಸೊಂಟದ ಕೀಲಿನ ದೋಷವುಂಟೇ, ಈ ಸೂಲಿನಲ್ಲಿ ಯಾವ ಮರಿಯಾದರೂ ಸತ್ತಿದೆಯೇ, ಕಾರಣವೇನು ಎಂದು ಮುಂಗಡ ಕೊಡುವ ಮುನ್ನ ಬರಹದಲ್ಲಿ ಕೇಳಬೇಕು. ದೂರವಾಣಿಯ ಸಂದೇಶವೂ ಬರಹವೇ.

ಪರಿಹಾರದ ಮಾರ್ಗಗಳತ್ತ ಬಂದರೆ, ಪುಣೆಗೆ ಒಂದು ಹೆಮ್ಮೆಯ ಇತಿಹಾಸವಿದೆ. ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತವನ್ನು ಆರಂಭಿಸಿದ್ದು ಇದೇ ನಗರದಲ್ಲಿ. ದೇಶಕ್ಕೆ ಗ್ರಾಹಕ ಸಂರಕ್ಷಣಾ ಕಾಯಿದೆ ದೊರೆತದ್ದು ಅದಾದ ಹನ್ನೆರಡು ವರ್ಷಗಳ ಮೇಲೆ, 1986ರ ಡಿಸೆಂಬರಿನಲ್ಲಿ. ಆ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದ್ದು, ಹಿಂದಿನ ಜಿಲ್ಲಾ ವೇದಿಕೆಗಳು ಈಗ ಜಿಲ್ಲಾ ಆಯೋಗಗಳಾಗಿವೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗಕ್ಕೆ ಸೇರುತ್ತವೆ. 5 ಲಕ್ಷದವರೆಗಿನ ವ್ಯವಹಾರಗಳ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂದೂ ಇಲ್ಲ. ದೂರಿನ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಒಳಗೆ ದೂರು ಸಲ್ಲಬೇಕು. ರಸೀದಿ ಕೊಡದಿರುವುದೇ ಹೊಸ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೆನಿಸಿದೆ. ಆಗುವ ನಷ್ಟಕ್ಕೆ ತೀರ ಅಸಮನಾದ ದಂಡವನ್ನು ಗ್ರಾಹಕನ ಮೇಲೆ ಹೇರುವ ಷರತ್ತು ಅನ್ಯಾಯದ ಕರಾರಿನ ವ್ಯಾಖ್ಯೆಯಲ್ಲಿ ಬರುತ್ತದೆ. ಆದರೆ ಷರತ್ತೇ ಅನ್ಯಾಯದ್ದೆಂಬ ದೂರನ್ನು ಜಿಲ್ಲಾ ಆಯೋಗವಲ್ಲದೆ ಮುಂಬಯಿಯ ರಾಜ್ಯ ಆಯೋಗ ಕೇಳಬೇಕಾಗುತ್ತದೆ. ಹತ್ತು ಸಾವಿರ ರೂಪಾಯಿಗಾಗಿ ಅಷ್ಟು ದೂರ ಹೋಗುವುದಕ್ಕಿಂತ, ಹಣ ಮರಳಿಸದಿರುವುದನ್ನೇ ಮುಖ್ಯ ದೂರಾಗಿ ಜಿಲ್ಲಾ ಆಯೋಗದ ಮುಂದಿಡುವುದು ಉಚಿತ.

ಬೆಳಗಾವಿ, ಧಾರವಾಡ, ವಿಜಯಪುರಗಳ ಕುಟುಂಬಗಳು ಪುಣೆಯ ಸಾಕಣೆದಾರರಿಂದ ಮರಿ ತರಿಸಿಕೊಳ್ಳುವುದು ಹೊಸತಲ್ಲ. ಹಿಂದಿನ ಕಾಯಿದೆಯಲ್ಲಿ ಅವರು ಬಹುಮಟ್ಟಿಗೆ ಎದುರುದಾರನಿರುವ ಸ್ಥಳದಲ್ಲಿಯೇ ದೂರು ಕೊಡಬೇಕಾಗುತ್ತಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕವೂ ದೂರು ದಾಖಲಿಸಬಹುದಾಗಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡವೂ ಸೇರಿ 17 ಭಾಷೆಗಳಲ್ಲಿ ಅದರ ನೆರವು ದೊರೆಯುತ್ತದೆ. ಆಯೋಗಕ್ಕೆ ಹೋಗುವ ಮುನ್ನ ಕೊಟ್ಟ ಹಣ, ದಿನಾಂಕ, ಮಾರಾಟ ಮುರಿದ ಕಾರಣ ಮತ್ತು ಮರಳಿಸಬೇಕಾದ ಗಡುವನ್ನು ತಿಳಿಸಿ ಒಂದು ನೋಟೀಸನ್ನು ವೇಗದ ಅಂಚೆಯಲ್ಲಿ ಕಳುಹಿಸುವುದು ರೂಢಿ. ಅನೇಕ ವ್ಯಾಜ್ಯಗಳು ಆ ಹಂತದಲ್ಲಿಯೇ ಮುಗಿಯುತ್ತವೆ.

ಈ ದಾರಿ ಸಾಕಣೆದಾರನಿಗೆ ತೆರೆದಿಲ್ಲ. ಗ್ರಾಹಕ ಆಯೋಗದಲ್ಲಿ ದೂರು ಕೊಡಬಲ್ಲವನು ಗ್ರಾಹಕನೇ ಹೊರತು ಮಾರುವವನಲ್ಲ. ಕೊಳ್ಳುವವನ ಹಿಂದೆಗೆತದಿಂದ ಮುಂಗಡವನ್ನೂ ಮೀರಿದ ನಷ್ಟವಾಗಿದ್ದರೆ ಅವನು ಮೂರು ವರ್ಷಗಳ ಕಾಲಮಿತಿಯೊಳಗೆ ಸಿವಿಲ್ ನ್ಯಾಯಾಲಯದ ಮೊರೆಹೋಗಬೇಕು; ಸಣ್ಣ ಮೊತ್ತದ ಹಣದ ದಾವೆಗಳಿಗೆ ಪುಣೆಯಲ್ಲಿ ಲಘುವ್ಯಾಜ್ಯ ನ್ಯಾಯಾಲಯವಿದೆ. ಮನೆಯ ನಾಯಿ ಒಮ್ಮೆ ಮರಿ ಹಾಕಿದಾಗ ನೆರೆಯವರಿಗೆ ಕೊಟ್ಟವನನ್ನು ವ್ಯಾಪಾರಿಯೆಂದು ಕರೆಯಬಹುದೇ ಎಂಬ ತಕರಾರು ಆಯೋಗದ ಮುಂದೆ ಏಳಬಹುದಾದ್ದರಿಂದ, ಅಂಥವನ ವಿರುದ್ಧ ಹೋಗುವವರಿಗೂ ಸಿವಿಲ್ ನ್ಯಾಯಾಲಯವೇ ಸುರಕ್ಷಿತ. ಉಭಯರೂ ಒಪ್ಪಿದರೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ನಡೆಯುವ ಲೋಕ ಅದಾಲತ್ ಇನ್ನೂ ಸುಲಭ. ಅಲ್ಲಿಯ ರಾಜಿ ತೀರ್ಪಿಗೆ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲಿಲ್ಲ.

ಮರಿಯೇ ಇಲ್ಲದ ಮಾರಾಟದ ಮಾತು ಬೇರೆ. ಚಿತ್ರ ತೋರಿಸಿ ಮುಂಗಡ ಪಡೆದು, ಆಮೇಲೆ ಸಾಗಣೆಯ ವೆಚ್ಚ, ಪಂಜರದ ಬಾಡಿಗೆ, ವಿಮೆಯ ಕಂತು ಎಂದು ಒಂದರ ಮೇಲೊಂದು ಹಣ ಕೇಳುತ್ತ ಹೋಗುವವರು ಸಾಕಣೆದಾರರೇ ಅಲ್ಲ. ಮಾತು ಮುರಿದದ್ದೆಲ್ಲ ವಂಚನೆಯಲ್ಲ. ಆದರೆ ಮೊದಲಿನಿಂದಲೇ ಕೊಡುವ ಉದ್ದೇಶವಿಲ್ಲದೆ ಹಣ ಪಡೆದದ್ದು ಅಪರಾಧ. 2024ರ ಜುಲೈ 1ರಿಂದ ಇದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಅನ್ವಯಿಸುತ್ತದೆ. ಇಂಥ ಸಂದರ್ಭದಲ್ಲಿ ನೋಟೀಸು ಬರೆಯುತ್ತ ಕೂಡುವುದು ವ್ಯರ್ಥ. 1930 ಸಂಖ್ಯೆಗೆ ಕೂಡಲೇ ಕರೆಮಾಡಿದರೆ, ಹಣ ಬೇರೆ ಖಾತೆಗಳಿಗೆ ಹರಿಯುವ ಮೊದಲು ಅದನ್ನು ತಡೆಹಿಡಿಯುವ ಸಾಧ್ಯತೆಯಿರುತ್ತದೆ.

ವ್ಯಾಜ್ಯ ನಡೆಯುವಾಗ ಮರಿಯನ್ನು ಏನು ಮಾಡಬೇಕೆಂಬುದನ್ನು ಕಕ್ಷಿಗಳು ಬಹುಶಃ ಕೊನೆಗೆ ಯೋಚಿಸುತ್ತಾರೆ. ಆಯೋಗವು ಮೂರು ತಿಂಗಳಲ್ಲಿ ದೂರನ್ನು ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದಾದರೂ ಅಷ್ಟರಲ್ಲಿ ಮರಿ ಮರಿಯಾಗಿ ಉಳಿಯುವುದಿಲ್ಲ. ಕೊಳ್ಳುವವನು ಹಣ ಕೊಡದೆ ಮರಿಯನ್ನು ಒಯ್ಯದಿದ್ದರೆ, ಸಾಕಣೆದಾರನು ಅವನಿಗೆ ತಿಳಿವಳಿಕೆ ಪತ್ರ ಕೊಟ್ಟು, ಯುಕ್ತ ಕಾಲ ಕಾದು, ಬೇರೆಯವರಿಗೆ ಮಾರಬಹುದು. ಬಂದ ಬೆಲೆ ಕಡಿಮೆಯಾದರೆ ಅಂತರವನ್ನು ಕೇಳಬಹುದು. ಮರಿಯನ್ನು ಸುಮ್ಮನೆ ಇಟ್ಟುಕೊಂಡು ದಿನದ ಲೆಕ್ಕದಲ್ಲಿ ಖರ್ಚು ಬೆಳೆಸಿದವನಿಗೆ ಅದೆಲ್ಲವೂ ದೊರೆಯುವುದಿಲ್ಲ, ಏಕೆಂದರೆ ನಷ್ಟವನ್ನು ತಗ್ಗಿಸಲು ತನ್ನಿಂದಾದುದನ್ನು ಮಾಡಿದನೇ ಎಂಬುದನ್ನು 73ನೆಯ ಕಲಮಿನ ವಿವರಣೆಯಂತೆ ನೋಡಲಾಗುತ್ತದೆ. ಅಂಥ ಮರುಮಾರಾಟಕ್ಕೆ ಮೊದಲಿನ ಕೊಳ್ಳುವವನು ಒಂದು ಸಾಲಿನ ಒಪ್ಪಿಗೆ ಬರೆದುಕೊಟ್ಟರೆ ಹಣದ ಮೇಲಣ ಅವನ ಹಕ್ಕಿಗೆ ಬಾಧೆಯಿಲ್ಲ. ಮುಂಗಡದ ವಿಚಾರಣೆ ಮರಿಯಿಲ್ಲದೆಯೂ ನಡೆಯುತ್ತದೆ.